ಹಿಂದಿನ ಸೀಟಿನ ತಂಬಿಗೆ

ಇದನ್ನು ಬರೆಯಬೇಕೆಂದು ಕುಳಿತು ಎದ್ದದ್ದು ಎಷ್ಟು ಸಲವೋ ನೆನಪಿಲ್ಲ. ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ಕಬ್ಬು ಕಾರ್ಖಾನೆಗೆ ಹೋಗಲಿ, ಮನೆಯ ಮದುವೆ ಮುಗಿಯಲಿ, ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ನೋಡೋಣ. ಪೊರೆ ತೆಗೆಸಿಕೊಂಡೂ ಬಹಳ ದಿನವಾಯಿತು. ಈಗ ಅಕ್ಷರ ಚೆನ್ನಾಗಿ ಕಾಣುತ್ತವೆ. ನೆಪ ಉಳಿದಿಲ್ಲ. ನಾನು ಮ್ಯಾಟ್ರಿಕ್‌ವರೆಗೆ ಓದಿದವನು, ಚಂದ ಮಾಡಿ ಬರೆಯಲು ಬಾರದು. ಇದು ಚಂದ ಮಾಡುವ ಸಂಗತಿಯೂ ಅಲ್ಲ.

ಒಬ್ಬ ಮನುಷ್ಯನ ಬೆನ್ನನ್ನು ನಾನು ಕೆಡಿಸಿದೆ. ಗೊತ್ತಿದ್ದೂ ಕೆಡಿಸಿದೆ. ನಮ್ಮ ಬಂಧುಬಳಗದವರೆಲ್ಲ ಅದನ್ನು ಕಾರಿನ ತಪ್ಪು, ಕಾರಿನೊಳಗಿನ ಸಾಫ್ಟ್‌ವೇರಿನ ತಪ್ಪು ಎಂದು ನಂಬಿದ್ದಾರೆ. ಹಾಗೆ ನಂಬಿಸಿದವನು ನಾನೇ.

ನಮ್ಮ ಮೂಲ ಹೊಲ ಅನಗವಾಡಿಯ ಹತ್ತಿರ ಹೊಳೆದಂಡೆಯಲ್ಲಿತ್ತು. ಆಣೆಕಟ್ಟಿನ ಹಿನ್ನೀರು ಏರಿ ಬಂದಾಗ ಮುಳುಗಿತು. ಪರಿಹಾರದಲ್ಲಿ ಬಾಡಗಂಡಿ ಕಡೆ ಎತ್ತರದ ಹೊಲ ಹಿಡಿದೆ, ನೀರು ಎತ್ತಿಸಿ ಕಬ್ಬು ಹಚ್ಚಿದೆ, ಜಮಖಂಡಿಯಲ್ಲಿ ಮನೆ ಕಟ್ಟಿಸಿದೆ. ಮುಳುಗಡೆಯವರೆಂದರೆ ಜನ ಮರುಗುತ್ತಾರೆ. ಮುಳುಗಿದವರೆಲ್ಲ ಹಾಳಾಗಲಿಲ್ಲ. ನಮ್ಮಂಥ ಕೆಲವರು ಉಬ್ಬಿದೆವು. ನಾನು ಉಬ್ಬಿದ್ದೆಷ್ಟೆಂದರೆ ಊರಿನಲ್ಲಿ ಯಾರ ಹತ್ತಿರವೂ ಇಲ್ಲದ ಕಾರು ಬೇಕೆನಿಸಿತು. ಹೊಸದು ಕೊಳ್ಳುವ ಎದೆ ಇರಲಿಲ್ಲ. ಕೊಲ್ಹಾಪುರದ ವ್ಯಾಪಾರಿಯೊಬ್ಬನಿಂದ ಒಂದು ದೊಡ್ಡ ಪರದೇಶಿ ಕಾರನ್ನು ಎರಡನೇ ಕೈಯಲ್ಲಿ ತಂದೆ.

ಅದರ ಹೆಚ್ಚುಗಾರಿಕೆ ಅಡಾಪ್ಟಿವ್ ಸಸ್ಪೆನ್ಷನ್. ಕೆಳಗಿನ ಶಾಕ್ ಅಬ್ಸಾರ್ಬರುಗಳು ರಸ್ತೆಗೆ ತಕ್ಕಂತೆ ತಾವೇ ಮೆತ್ತಗಾಗುತ್ತವೆ, ತಾವೇ ಬಿಗಿಯಾಗುತ್ತವೆ. ಯಾವಾಗ ಹೇಗಿರಬೇಕೆಂದು ಹೇಳಲು ಒಳಗೊಂದು ಕಂಪ್ಯೂಟರ್ ಇದೆ. ವ್ಯಾಪಾರಿ ಹೇಳಿದ್ದನ್ನು ಬಾಯಿಪಾಠ ಮಾಡಿಕೊಂಡು ನಮ್ಮ ಮನೆಯ ಕಟ್ಟೆಗೆ ಬಂದವರಿಗೆಲ್ಲ ನಾನೂ ಅದನ್ನೇ ಹೇಳಿದೆ. ಕಟ್ಟೆಗೆ ತಪ್ಪದೆ ಬರುತ್ತಿದ್ದವನು ಒಬ್ಬ ಗೆಳೆಯ. ಕೋರ್ಟಿನಲ್ಲಿ ಕಾರಕೂನನಾಗಿದ್ದು ನಿವೃತ್ತನಾದವನು. ಅರ್ಧ ಮರಾಠಿ ಅರ್ಧ ಕನ್ನಡ ಮಾತಾಡುತ್ತಿದ್ದ, ಬಾಯಿ ಬಹಳ ಹರಿತ.

ಅದೇ ದಿನಗಳಲ್ಲಿ ನನ್ನ ಹೆಂಡತಿಯ ತಮ್ಮ ನಮ್ಮ ಮನೆಯಲ್ಲಿದ್ದ. ಹೆಂಡತಿಯ ತವರು ಬನಹಟ್ಟಿ. ಓಣಿಯಲ್ಲಿ ಎಲ್ಲರೂ ಪವರ್‌ಲೂಮ್ ಹಾಕಿಕೊಂಡರೂ ಅವನು ತಂದೆಯ ಕುಣಿಮಗ್ಗವನ್ನೇ ಹಿಡಿದುಕೊಂಡಿದ್ದ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು, ಹಲಗೆಯ ಮೇಲೆ ಕುಳಿತು, ಕೆಳಗಿನ ಪಟ್ಟಿಗಳನ್ನು ಒಂದಾದ ಮೇಲೊಂದು ತುಳಿಯುತ್ತ ಸೀರೆ ನೇಯಬೇಕು. ಕೂತು ಕೂತು ಬೆನ್ನುಹುರಿಯ ಹತ್ತಿರ ಎಲುಬುಗಳ ನಡುವಿನ ಗಾದಿ, ಡಾಕ್ಟರು ಡಿಸ್ಕ್ ಅನ್ನುವುದು, ಜಾರಿತು. ಮಿರಜದಲ್ಲಿ ಆಪರೇಷನ್ ಆಯಿತು. ಡಾಕ್ಟರು ನನ್ನ ಮುಂದೆಯೇ ಹೇಳಿದ್ದರು: ಮಳೆಗಾಲ ಹಿಡಿಯುವ ತನಕ ಧಕ್ಕೆ ತಾಗಬಾರದು. ತಾಗದಿದ್ದರೆ ಮತ್ತೆ ಮಗ್ಗಕ್ಕೆ ಕೂಡುತ್ತಾನೆ. ತಾಗಿದರೆ ನನ್ನ ಕೈಯಲ್ಲಿ ಏನೂ ಇಲ್ಲ.

ಬನಹಟ್ಟಿಯ ಅವನ ಓಣಿಯಲ್ಲಿ ಪವರ್‌ಲೂಮಿನ ಹೊಡೆತಕ್ಕೆ ನೆಲವೇ ನಡುಗುತ್ತದೆ. ಅದಕ್ಕೇ ಅವನ ಅಕ್ಕ, ಎಂದರೆ ನನ್ನ ಹೆಂಡತಿ, ಅವನನ್ನು ಜಮಖಂಡಿಗೆ ಕರೆತಂದಳು. ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದ. ಮಲಗಿದಲ್ಲೇ ಎರಡೂ ಅಂಗಾಲುಗಳನ್ನು ಗೋಡೆಗೆ ಹಚ್ಚಿ ಬಲ, ಎಡ, ಬಲ, ಎಡ ಎಂದು ಒತ್ತುತ್ತಿದ್ದ. ಕಾಲಿಗೆ ಮಗ್ಗ ಮರೆಯಬಾರದು ಎಂದು. ಸುಣ್ಣದ ಗೋಡೆಯ ಮೇಲೆ ಎರಡು ಪಾದದ ಎಣ್ಣೆಗಲೆ ಬಿದ್ದಿತ್ತು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು.

"ಗ್ವಾಡಿ ಹೊಲಸ ಮಾಡಬ್ಯಾಡೋ, ಮನ್ನೆ ಸುಣ್ಣಾ ಹೊಡಸೇನಿ" ಎಂದು ಬೈದರೆ, "ಮಾಮಾರ, ನಾ ಎದ್ದ ಮ್ಯಾಲ ನಾನ ಸುಣ್ಣಾ ಹೊಡದು ಹೊಕ್ಕೇನ್ರಿ" ಎಂದು ನಗುತ್ತಿದ್ದ.

ನಗುವುದು, ನಗಿಸುವುದು ಅವನ ಸ್ವಭಾವ. ಸಂಜೆ ಗೋಡೆ ಹಿಡಿದು ಮೆಲ್ಲಗೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ. ಸಾವಕಾರರ, ಕಂಡಕ್ಟರರ, ವಕೀಲರ ದನಿ ತೆಗೆದು ಮಾತಾಡುತ್ತಿದ್ದ. ಜನ ನನ್ನ ಕಬ್ಬಿನ ಸುದ್ದಿ ಕೇಳುವುದನ್ನು ಬಿಟ್ಟು ಅವನ ಸುತ್ತ ಕೂರತೊಡಗಿದರು. ಮನೆಯೊಳಗೆ ಅರಿಶಿನ ಹಾಕಿದ ಬಿಸಿ ಹಾಲು ಮೊದಲು ಅವನಿಗೆ, ಆಮೇಲೆ ನನಗೆ. ಇದು ಹೊಟ್ಟೆಕಿಚ್ಚು ಎಂದು ಈಗ ಬರೆಯುತ್ತಿದ್ದೇನೆ. ಆಗ ನಾನು ಇದನ್ನು ಶಿಸ್ತು ಎಂದು ತಿಳಿದಿದ್ದೆ. ನನ್ನ ಮನೆಯಲ್ಲಿ ಕೂತು ತಿನ್ನುವವನು ನನ್ನ ಮನೆಯಲ್ಲಿ ಇಷ್ಟು ನಗಬಾರದು ಎಂಬ ಶಿಸ್ತು.

ಕಾರು ಬಂದ ಸಂಜೆ ಎಲ್ಲರನ್ನೂ ಸರದಿಯಂತೆ ಕೂರಿಸಿಕೊಂಡು ಓಣಿಯಲ್ಲಿ ತಿರುಗಿಸಿದೆ. ಅವನೂ ಹುಷಾರಾಗಿ ಹಿಂದೆ ಕೂತ. ಗಟಾರದ ಕಲ್ಲಿನ ಮೇಲೆ ಗಾಲಿ ಹತ್ತಿ ಇಳಿಯಿತು. ಅವನು ಕೈಯಿಂದ ಸೊಂಟ ಹಿಡಿದುಕೊಂಡ. ಇಳಿದ ಮೇಲೆ ಎಲ್ಲರೆದುರು ಹೇಳಿದ:

"ಮಾಮಾರ, ಗಾಡಿ ಭಾಳ ಛಲೋ ಐತ್ರಿ. ಖರೆ ಇದಕ್ಕಿಂತ ನಮ್ಮ ಮಗ್ಗದ ಹಲಗಿ ಮೆತ್ತಗ ಐತ್ರಿ."

ಕಟ್ಟೆ ಬಿದ್ದು ಬಿದ್ದು ನಕ್ಕಿತು. ಕಾರಕೂನ ಗೆಳೆಯ ತೊಡೆ ತಟ್ಟಿಕೊಂಡ. "ಅರೇ ಬಾಬಾ! ಸಾವ್ಕಾರ್ರ, ಗಾಡಿ ಮಾರಿ ಒಂದ ಹಲಗಿ ತಗೊಂಡ ಬರ್ರಿ!"

ಅಂದಿನಿಂದ ನನ್ನ ಕಾರಿಗೆ 'ಹಲಗಿ' ಎಂದೇ ಹೆಸರು ಬಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಗಾಡಿ ನಿಲ್ಲಿಸಿದರೂ ಯಾರೋ ಅನ್ನುತ್ತಿದ್ದರು: "ಸಾವ್ಕಾರ್ರ ಹಲಗಿ ಬಂತ ನೋಡೋ." ಇಂಥ ಮಾತನ್ನು ಬೇರೆಯವರು ನಕ್ಕು ಬಿಡುತ್ತಾರೆ. ನಾನು ಬಿಡುವವನಲ್ಲ.

ಬೆಳಗಾವಿಯಲ್ಲಿ ಆ ಕಾರುಗಳನ್ನು ನೋಡುವ ಒಂದು ಸರ್ವಿಸ್ ಸೆಂಟರ್ ಇತ್ತು. ಅಲ್ಲಿಗೆ ಒಯ್ದೆ. ಒಬ್ಬ ಹೆಣ್ಣುಮಗಳು ಕಾರಿಗೆ ವಾಯರು ಚುಚ್ಚಿ ತನ್ನ ಲ್ಯಾಪ್‌ಟಾಪಿನಲ್ಲಿ ಬಹಳ ಹೊತ್ತು ನೋಡಿದಳು.

"ಗಾಡಿದಾಗ ಏನೂ ತಪ್ಪಿಲ್ರಿ ಸರ್. ಸಸ್ಪೆನ್ಷನ್ ಸಾಫ್ಟ್‌ವೇರ್ ಹಳೇದೈತಿ. ಹಿಂದಿನ ಮಾಲಕರು ಅಪ್‌ಡೇಟ್ ಮಾಡಿಸೇ ಇಲ್ರಿ. ಹೊಸಾದ ಹಾಕಿದ್ರ ಮೆತ್ತಗ ಆಗತೈತಿ. ಇವತ್ತ ಇಲ್ಲೇ ಬಿಟ್ಟ ಹೋಗ್ರಿ, ನಾಳಿ ಒಯ್ಯಿರಿ."

"ನಾಳಿ ಆಗೂದಿಲ್ಲವಾ. ಇವತ್ತ ಸಂಜೀಕ ನಮ್ಮ ಕಟ್ಟಿ ಮ್ಯಾಲ ಮಂದಿ ಕಾಯಾಕತ್ತಾರ."

ಅದು ಸುಳ್ಳಲ್ಲ. ಮುಂಜಾನೆ ಹೊರಡುವಾಗ, ಸಂಜೆಗೆ ನೋಡ್ರಿ ಹಲಗಿ ಹಾಸಗಿ ಆಗಿ ಬರತೈತಿ ಎಂದು ಸಾರಿ ಬಂದಿದ್ದೆ. ಅವಳು ಎರಡು ಸಲ ಬೇಡವೆಂದಳು. ನಾನು ದನಿ ಏರಿಸಿದೆ. ಕೊನೆಗೆ ಅವಳು ನನ್ನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಪರದೆಯ ಮೇಲೆ ಒಂದೊಂದೇ ಗುಂಡಿ ಒತ್ತಿ ತೋರಿಸಿದಳು.

"ಹೊಸಾದ ಗಾಡಿಯೊಳಗ ಇಳಸೇನ್ರಿ. ಖರೆ ಅದು ಇನ್ನೂ ಕುಂತಿಲ್ಲ. ಮನಿಗಿ ಹೋದ ಮ್ಯಾಲ ಗಾಡಿ ಬಂದ್ ಮಾಡಿ, ಲಾಕ್ ಹಾಕಿ, ಮುಂಜಾನಿತನ ಮುಟ್ಟಬ್ಯಾಡ್ರಿ. ಅದರಷ್ಟಕ್ಕ ಅದು ಕೂಡತೈತಿ. ಆಮ್ಯಾಲ ಇಲ್ಲಿ ನೋಡ್ರಿ, ಈ ನಂಬರಿನ ಕೊನೀ ಅಂಕಿ ಈಗ ಏಳೈತಲ್ರಿ, ಅದು ಎಂಟಾದ್ರ ಅಪ್‌ಡೇಟ್ ಆಗೇತಿ ಅಂತ ತಿಳೀರಿ. ಏಳ ಇದ್ರ ಆಗಿಲ್ಲ. ಅಲ್ಲೀತನ ಶಾಕ್ ಅಬ್ಸಾರ್ಬರ್ ಪೂರಾ ಬಿಗಿ ಇರತಾವ, ಕಟ್ಟಗಿ ಇದ್ದಂಗ. ತಗ್ಗು ನೋಡಿ ಹಗೂರ ಹೋಗ್ರಿ ಸರ್."

ಇಷ್ಟು ಬಿಡಿಸಿ ನನಗೆ ಯಾವ ಮಾಸ್ತರರೂ ಯಾವ ಪಾಠವನ್ನೂ ಹೇಳಿರಲಿಲ್ಲ. ಎಲ್ಲವೂ ತಿಳಿಯಿತು. ಮುಧೋಳದಲ್ಲಿ ಚಹಾಕ್ಕೆ ನಿಂತಾಗ ಅವಳು ಹೇಳಿಕೊಟ್ಟಂತೆ ಗುಂಡಿ ಒತ್ತಿ ನೋಡಿದೆ. ಏಳು. ಏಳೇ ಇರಬೇಕಾಗಿತ್ತು. ಬೆಳಗಾವಿಯಿಂದ ಅಲ್ಲಿಯ ತನಕ ಪ್ರತಿ ತಗ್ಗೂ ನನ್ನ ಹಲ್ಲಿನವರೆಗೆ ಬಂದಿತ್ತು, ಕಾರು ಮೊದಲಿಗಿಂತ ಗಡುಸಾಗಿತ್ತು. ಅಂಕಿಯನ್ನು ನೋಡಿದವನು ಪರದೆಯನ್ನು ಆರಿಸಿ ಚಹಾ ಕುಡಿದೆ. ಈ ಮಾತನ್ನು ನಾನು ಈ ತನಕ ಯಾರಿಗೂ ಹೇಳಿಲ್ಲ. ಮುಧೋಳದಲ್ಲಿ ನಾನು ನೋಡಿದ್ದೆ.

ಮನೆ ಮುಟ್ಟಿದಾಗ ಹೊತ್ತು ಇನ್ನೂ ಇತ್ತು. ಕಟ್ಟೆಯ ಮೇಲೆ ಕಾರಕೂನ ಗೆಳೆಯನಿದ್ದ, ಪಕ್ಕದಲ್ಲಿ ಹೆಂಡತಿಯ ತಮ್ಮ ಗೋಡೆಗೆ ದಿಂಬು ಹಚ್ಚಿ ಕೂತಿದ್ದ.

"ಏನ್ರಿ ಸಾವ್ಕಾರ್ರ, ಹಲಗಿ ರಿಪೇರಿ ಆತೇನು?"

"ಆತು. ಸಾಫ್ಟ್‌ವೇರ್ ಹೊಸಾದ ಹಾಕ್ಸೇನಿ."

"ಹೆಂಗ ಗೊತ್ತ? ಕಣ್ಣೀಗಿ ಕಾಣೂದಲ್ಲ, ಕೈಗಿ ಹತ್ತೂದಲ್ಲ. ಬೆಳಗಾಂವಿ ಮಂದಿ ಟೋಪಿ ಹಾಕಿ ಕಳಿಸ್ಯಾರೋ ಏನೋ! ತಪಾಸ ಮಾಡೂದ ಹೆಂಗ?"

ತಪಾಸು ಮಾಡುವುದು ಹೇಗೆಂದು ನನಗೆ ಗೊತ್ತಿತ್ತು. ಪರದೆ ತೆರೆದು ಅಂಕಿ ತೋರಿಸಿದರೆ ಆಯಿತು. ಆದರೆ ಅಂಕಿ ಏಳಾಗಿತ್ತು. ಇನ್ನೂ ಆಗಿಲ್ಲ, ನಾಳೆ ಮುಂಜಾನೆ ಬರ್ರಿ ಎಂದು ಒಂದು ಮಾತು ಹೇಳಿದ್ದರೆ ಕಾರಕೂನ ಒಂದು ಚೇಷ್ಟೆ ಮಾಡಿ ಮನೆಗೆ ಹೋಗುತ್ತಿದ್ದ. ಆ ಒಂದು ಚೇಷ್ಟೆ ನನಗೆ ಬೇಡವಾಗಿತ್ತು. ಅದಕ್ಕೆ ನಮ್ಮಪ್ಪನ ತಪಾಸನ್ನು ಎತ್ತಿದೆ.

ಅಪ್ಪ ಹೊಸ ಚಕ್ಕಡಿ ಮಾಡಿಸಿದಾಗಲೆಲ್ಲ ಬಡಿಗೇರನ ಎದುರಿಗೇ ಒಂದು ಹಿತ್ತಾಳೆ ತಂಬಿಗೆಯಲ್ಲಿ ಕಂಠದ ತನಕ ನೀರು ತುಂಬಿ ಚಕ್ಕಡಿಯ ನಡುವೆ ಇಡುತ್ತಿದ್ದ. ಎತ್ತು ಹೂಡಿ ಹೊಲದ ಒಡ್ಡು ದಾಟಿಸುತ್ತಿದ್ದ. ತಂಬಿಗೆಯಲ್ಲಿ ನೀರು ಎಷ್ಟು ಉಳಿಯಿತೋ ಬಡಿಗೇರನ ಮರ್ಯಾದೆ ಅಷ್ಟು. ನಮ್ಮ ಕಡೆಯ ಹಳಬರಿಗೆ ಇದು ಗೊತ್ತು. ಕಾರಕೂನನಿಗೂ ಗೊತ್ತಿತ್ತು, ಕೇಳಿ ಕುಣಿದಾಡಿದ.

"ವಾ! ಇದ ಖರೇ ತಪಾಸ. ತರ್ರಿ ತಂಬಿಗಿ!"

ಅಪ್ಪ ತಂಬಿಗೆಯನ್ನು ಹಲಗೆಯ ಮೇಲೆ ಇಡುತ್ತಿದ್ದ. ಕಾರಿನ ಸೀಟು ಇಳಿಜಾರು, ತಂಬಿಗೆ ನಿಲ್ಲುವುದಿಲ್ಲ. ಯಾರಾದರೂ ತೊಡೆಯ ಮೇಲೆ ಇಟ್ಟುಕೊಂಡು ಹಿಡಿಯಬೇಕು. ಕಾರಕೂನ ತಾನು ಹಿಡಿಯುತ್ತೇನೆಂದು ಎದ್ದ. ನಾನು ಬೇಡವೆಂದೆ.

"ಹಲಗಿ ಅಂದಾವನ ಹಿಡೀಲಿ. ಅವನ ಬಾಯಿಂದನ ಬರ್ಲಿ ಮೆತ್ತಗ ಐತಿ ಅಂತ."

ಹೆಂಡತಿ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು. "ಅಲ್ರಿ, ಡಾಕ್ಟ್ರು ಏನ ಹೇಳ್ಯಾರ ನೆನಪೈತಿಲ್ಲೋ? ಅವಗ ಧಕ್ಕಿ ಹತ್ತಬಾರದು. ಆಟಾ ಆಡಾಕ ನಿಮಗ ಬ್ಯಾರೆ ಯಾರೂ ಸಿಗಲಿಲ್ಲೇನು?"

"ಧಕ್ಕಿ ಎಲ್ಲಿಂದ ಹತ್ತತೈತಿ? ಮೆತ್ತಗ ಮಾಡ್ಸಿ ತಂದೇನಿ ಅಂತ ಹೇಳಾಕತ್ತಿಲ್ಲೇನು? ನಿಮ್ಮ ತಮ್ಮ ಏನ ಗಾಜಿನ ಬಳಿ ಏನ?"

ಅವಳು ತಮ್ಮನ ಕಡೆ ನೋಡಿದಳು. ಅವನು ಗೋಡೆ ಹಿಡಿದು ಏಳುತ್ತಿದ್ದ.

"ಬಿಡ ಅಕ್ಕಾ. ಮಾಮಾರು ಮೆತ್ತಗ ಆಗೇತಿ ಅಂದ್ರ ಆಗಿರತೈತಿ. ನನಗೂ ಹಲಗಿ ಅಂದ ಪಾಪ ಕಳಕೋಬೇಕ."

ನಗುತ್ತಲೇ ಬಂದು ಹಿಂದಿನ ಸೀಟಿನಲ್ಲಿ ನಡುವೆ ಕೂತ. ತುಂಬಿದ ತಂಬಿಗೆಯನ್ನು ನಾನೇ ಅವನ ತೊಡೆಯ ಮೇಲೆ ಇಟ್ಟೆ. ಅವನ ಎರಡೂ ಕೈ ತಂಬಿಗೆಗೆ ಹೋದವು. ಮೇಲಿನ ಹಿಡಿಕೆ ಹಿಡಿಯಲು, ಮುಂದಿನ ಸೀಟು ಹಿಡಿಯಲು ಅವನಿಗೆ ಕೈಯೇ ಉಳಿಯಲಿಲ್ಲ. ಅದನ್ನು ನಾನು ನೋಡಿದೆ. "ಒಂದ ಹನಿ ಚೆಲ್ಲಿದರೂ ತಪ್ಪು ನಿಂದು, ಗಾಡಿದಲ್ಲ" ಎಂದೆ. ಕಾರಕೂನ ನನ್ನ ಪಕ್ಕ ಕೂತು, ಪಂಚನಂತೆ ಹಿಂದೆ ತಿರುಗಿದ.

ಬೀಳಗಿ ಕಡೆಯ ರಸ್ತೆ ಹಿಡಿದೆ. ಕಬ್ಬಿನ ಹಂಗಾಮು. ಎರಡೆರಡು ಟ್ರೇಲರ್ ಎಳೆಯುವ ಟ್ರಾಕ್ಟರುಗಳು ರಸ್ತೆಯ ಅಂಚನ್ನು ತಿಂದು ಹಾಕಿದ್ದವು. ಮೊದಲ ಸ್ಪೀಡ್ ಬ್ರೇಕರಿಗೆ ನಿಧಾನ ಮಾಡಿದೆ. ಆದರೂ ಗಾಡಿ ಕಲ್ಲಿನಂತೆ ಎದ್ದು ಕಲ್ಲಿನಂತೆ ಇಳಿಯಿತು. ಕಾರಕೂನನ ಟೋಪಿ ಅಲುಗಿತು. ತಂಬಿಗೆಯ ನೀರು ಅಲುಗಲಿಲ್ಲ.

"ಶಾಬಾಸ್!" ಎಂದು ಅವನು ಕೂಗಿದ. "ಒಂದ ಹನಿ ಬಿದ್ದಿಲ್ಲ! ಸಾವ್ಕಾರ್ರ, ನೀವ ಗೆದ್ದ್ರಿ!"

ನಾನು ಕನ್ನಡಿಯಲ್ಲಿ ನೋಡಿದೆ. ಹೆಂಡತಿಯ ತಮ್ಮ ಸೀಟಿಗೆ ಒರಗಿರಲಿಲ್ಲ. ಬೆನ್ನನ್ನು ನೆಟ್ಟಗೆ ಮಾಡಿ, ಸೊಂಟವನ್ನು ಸೀಟಿನಿಂದ ತುಸು ಎತ್ತಿ, ಬಂದ ಹೊಡೆತವನ್ನೆಲ್ಲ ತೊಡೆಯಲ್ಲೂ ನಡುವಿನಲ್ಲೂ ನುಂಗಿಕೊಂಡು, ತಂಬಿಗೆಯನ್ನು ಮಾತ್ರ ಗಾಳಿಯಲ್ಲಿ ನಿಲ್ಲಿಸಿದಂತೆ ಹಿಡಿದಿದ್ದ. ಎಳೆ ಹರಿಯದಂತೆ ಕೈ ಆಡಿಸಿ ಅಭ್ಯಾಸವಿದ್ದವನು. ಸಾಫ್ಟ್‌ವೇರ್ ಮಾಡಬೇಕಾದ ಕೆಲಸವನ್ನು ಅವನ ಬೆನ್ನು ಮಾಡುತ್ತಿತ್ತು.

"ಹೆಂಗೈತೋ?" ಎಂದೆ.

"ಹೂವಿನಂಗ ಐತ್ರಿ ಮಾಮಾರ." ತುಟಿ ಬಿಳಿಚಿತ್ತು.

ಅಲ್ಲಿಂದಲೇ ಗಾಡಿ ತಿರುಗಿಸಬಹುದಿತ್ತು. ನಾನು ಗೆದ್ದಿದ್ದೆ. ಕಾರಕೂನ ನಾಳೆ ಊರಿಗೆಲ್ಲ ಹೇಳುತ್ತಿದ್ದ, 'ಹಲಗಿ' ಎಂಬ ಹೆಸರು ಹೋಗುತ್ತಿತ್ತು. ಯಾಕೆ ತಿರುಗಿಸಲಿಲ್ಲ ಎಂದು ಕೇಳಿಕೊಂಡಿದ್ದೇನೆ. ಅವನು ಸುಳ್ಳು ಹೇಳುತ್ತಿದ್ದ, ಅದು ನನಗೆ ಗೊತ್ತಿತ್ತು. ನನ್ನ ಮನೆಯ ಅನ್ನ ತಿನ್ನುತ್ತೇನೆಂದು ನನ್ನ ಮರ್ಯಾದೆಯನ್ನು ತಂಬಿಗೆಯಲ್ಲಿ ಹಿಡಿದು ಕೂತಿದ್ದ. ನನಗೆ ಅವನು ಭಿಕ್ಷೆ ಹಾಕಿದಂತಾಯಿತು. ಅವನ ಬಾಯಿಯಿಂದ ಒಂದು ನರಳಿಕೆ ಹೊರಡಿಸದೆ ಬಿಡಬಾರದು ಅನಿಸಿತು. ಇದಕ್ಕಿಂತ ಒಳ್ಳೆಯ ಕಾರಣ ನನ್ನಲ್ಲಿ ಇಲ್ಲ.

ಎರಡನೆಯ ಬ್ರೇಕರಿಗೆ ನಿಧಾನ ಮಾಡಲಿಲ್ಲ. ನೀರು ಅಂಚಿಗೆ ಬಂದು ಹಿಂದೆ ಸರಿಯಿತು. ಅವನ ಮೂಗಿನಿಂದ ಒಂದು ಉಸಿರು ಬಂತು, ಅಷ್ಟೇ. ಮುಂದೆ ಕಾರ್ಖಾನೆಯ ಕಡೆ ಟ್ರಾಕ್ಟರುಗಳು ಹೋಗುವ ಹೊಲದ ದಾರಿ ಬಂತು. ಅದಕ್ಕೆ ತಿರುಗಿಸಿದೆ.

"ಮಾಮಾರ," ಅಂದ ಹಿಂದಿನಿಂದ. "ಆ ಕಡಿ ಬ್ಯಾಡ್ರಿ. ಗಾಡಿಗಿ ಕೆಸರ ಹತ್ತೀತು."

"ಯಾಕ? ಹೂವಿನಂಗ ಐತಿ ಅಂದೆಲ್ಲ?"

"ಐತ್ರಿ."

"ಮತ್ತ? ಹಿಡಿ ತಂಬಿಗಿ."

ಕಾರಕೂನನಿಗೂ ಯಾಕೋ ನಗು ನಿಂತಿತ್ತು. "ಸಾಕ ಬಿಡ್ರಿ ಸಾವ್ಕಾರ್ರ, ತಪಾಸ ಆತು" ಎಂದ. ನಾನು ಕೇಳಲಿಲ್ಲ. ಆ ದಾರಿಯಲ್ಲಿ, ಕಬ್ಬು ತುಂಬಿದ ಟ್ರೇಲರ್ ಹೂತು ಎಳೆದ ಕಡೆ ಒಂದು ಮೊಳಕಾಲುದ್ದದ ತಗ್ಗು ಬಿದ್ದಿತ್ತು. ನನಗೆ ಅದು ಗೊತ್ತಿತ್ತು. ನನ್ನದೇ ಹೊಲದ ಕಬ್ಬು ಹೋಗುವ ದಾರಿ ಅದು. ಬ್ರೇಕ್ ಮೇಲೆ ಕಾಲು ಇಡಲಿಲ್ಲ.

ಮುಂದಿನ ಗಾಲಿ ಇಳಿದ ಸದ್ದು, ಆಮೇಲೆ ಹಿಂದಿನ ಗಾಲಿಯ ಸದ್ದು. ಆಮೇಲೆ ತಂಬಿಗೆ ಉರುಳಿ ಬಾಗಿಲಿಗೆ ಬಡಿದ ಸದ್ದು. ಅವನು ಕೂಗಲಿಲ್ಲ. ಗಾಡಿ ನಿಂತ ಮೇಲೆ, ಅಡ್ಡ ಬಿದ್ದಲ್ಲಿಂದಲೇ, ಏನೋ ವಸ್ತು ಕಳೆದುಕೊಂಡವನ ದನಿಯಲ್ಲಿ ಹೇಳಿದ:

"ಮಾಮಾರ, ನನ್ನ ಎಡಗಾಲ ಎಲ್ಲೈತಿ ಅಂತ ಗೊತ್ತಾಗವಲ್ದರಿ."

ಅವನು ಚೇಷ್ಟೆ ಮಾಡುತ್ತಿದ್ದಾನೆಂದು ಕಾರಕೂನ ನಕ್ಕ. ಹಿಂದೆ ಬಗ್ಗಿ ನೋಡಿದವನು ಜೇಬಿನಲ್ಲಿ ಫೋನು ತಡಕಾಡಿದ. ಕಾಲು ಅಲ್ಲೇ ಇತ್ತು, ಸೀಟಿನ ಕೆಳಗೆ, ಅದರ ಮೇಲೆ ನೀರು ಹರಿದಿತ್ತು. "ನೀರ ತಣ್ಣಗ ಐತೇನ್ರಿ?" ಎಂದು ಅವನು ಕೇಳಿದ. "ನನಗ ಹತ್ತವಲ್ದು."

ಈಗ ನಾನು ಮಾಡಿದ್ದನ್ನು ಬರೆಯಬೇಕು. ಇದಕ್ಕೇ ಇಷ್ಟು ದಿನ ಮುಂದೂಡಿದ್ದು. ಕಾರಕೂನ ಫೋನು ಹಚ್ಚಿ ಆ್ಯಂಬುಲೆನ್ಸ್ ಕರೆದ. ಅದು ಬರುವ ತನಕ ನಾನು ಹಿಂದೆ ಹೋಗಿ ಅವನ ತಲೆ ಹಿಡಿದು ಕೂರಲಿಲ್ಲ. ಮುಂದಿನ ಸೀಟಿನಲ್ಲೇ ಕೂತು ಪರದೆ ತೆರೆದೆ. ಅವಳು ಕಲಿಸಿದ ಗುಂಡಿಗಳನ್ನು ಒತ್ತಿದೆ. ಬೆರಳಿಟ್ಟು ಕಾರಕೂನನಿಗೆ ತೋರಿಸಿದೆ.

"ನೋಡ್ರಿ ಇಲ್ಲೆ. ಏಳು! ಎಂಟ ಇರಬೇಕಾಗಿತ್ತು. ಅಪ್‌ಡೇಟ್ ಆಗೇ ಇಲ್ಲ. ಬೆಳಗಾಂವಿ ಹಲ್ಕಟ್ ಮಂದಿ ಮೋಸ ಮಾಡ್ಯಾರ!"

ಮುಧೋಳದಲ್ಲಿ ಯಾವ ಅಂಕಿಯನ್ನು ಬಚ್ಚಿಟ್ಟೆನೋ ಅದನ್ನೇ ಸಾಕ್ಷಿಗೆ ನಿಲ್ಲಿಸಿದೆ. ಕೋರ್ಟಿನಲ್ಲಿ ಸವೆದ ಕಾರಕೂನ ಅದನ್ನು ನಂಬಿದ. ಹಿಂದೆ ಮಲಗಿದ್ದವನು ಎಲ್ಲವನ್ನೂ ಕೇಳುತ್ತಿದ್ದ. ನನ್ನ ಬೆರಳು ಎಷ್ಟು ಸಲೀಸಾಗಿ ಗುಂಡಿಯಿಂದ ಗುಂಡಿಗೆ ಹೋಯಿತೆಂಬುದನ್ನು ಎರಡು ಸೀಟುಗಳ ನಡುವಿನಿಂದ ಅವನು ನೋಡಿರಲೂಬೇಕು.

ಮಿರಜದ ಆಸ್ಪತ್ರೆಯ ವರಾಂಡದಲ್ಲಿ ಹೆಂಡತಿ ನನ್ನನ್ನು ಒಂದೇ ಮಾತು ಕೇಳಿದಳು: "ಮೆತ್ತಗ ಆಗೇತಿ ಅಂದಿದ್ರೆಲ್ಲ?" ಉತ್ತರ ಹೇಳುವ ಬದಲು ಸರ್ವಿಸ್ ಸೆಂಟರಿಗೆ ಫೋನು ಮಾಡಿದೆ. ನೆರೆದ ಬೀಗರು, ನೆಂಟರು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ. ಅದೇ ಹೆಣ್ಣುಮಗಳು ಎತ್ತಿದಳು. ಬಾಯಿಗೆ ಬಂದಂತೆ ಬೈದೆ.

"ಸರ್, ನಾ ಅವತ್ತ ನಿಮಗ ಹೇಳಿದ್ನೆಲ್ರಿ, ಗಾಡಿ ಬಂದ್ ಮಾಡಿ..."

"ಬಾಯಿ ಮುಚ್ಚ! ಒಬ್ಬನ ನಡಾ ಮುರದೀರಿ, ಮತ್ತ ಎದರ ಮಾತಾಡ್ತೀ?"

ಅವಳ ಮಾತನ್ನು ಪೂರ್ತಿಯಾಗಿ ಹೊರಬರಲು ಬಿಡಲಿಲ್ಲ. ಬಿಟ್ಟಿದ್ದರೆ ವರಾಂಡದಲ್ಲಿದ್ದವರಿಗೆಲ್ಲ ನಿಜ ತಿಳಿಯುತ್ತಿತ್ತು. ನಾನು ಅರಚಿದಷ್ಟೂ ಅವಳ ದನಿ ಸಣ್ಣದಾಯಿತು. ಕೊನೆಗೆ, "ತಪ್ಪಾತ್ರಿ ಸರ್, ಬರದ ಕೊಡಬೇಕಾಗಿತ್ತು. ಪೇಷಂಟ್ ಕೈಯಾಗ ಫೋನ್ ಕೊಡ್ತೀರೇನ್ರಿ?" ಎಂದಳು. ಹೆಂಡತಿ ನನ್ನ ಕೈಯಿಂದ ಫೋನು ಕಸಿದುಕೊಂಡು ಒಳಗೆ ಹೋಗಿ ತಮ್ಮನ ಕಿವಿಗೆ ಹಿಡಿದಳು. ಆ ಬೆಳಗಾವಿಯ ಹೆಣ್ಣುಮಗಳು ಅವನ ಕ್ಷಮೆ ಕೇಳಿದಳು. ಈ ಇಡೀ ಪ್ರಕರಣದಲ್ಲಿ ಅವನ ಕ್ಷಮೆ ಕೇಳಿದವಳು ಅವಳೊಬ್ಬಳೇ.

"ಇರ್ಲಿ ಬಿಡವಾ ತಂಗಿ," ಎಂದ ಅವನು, ಛತ್ತು ನೋಡುತ್ತ. "ನಿಂದೇನ ತಪ್ಪಿಲ್ಲ."

ತಪ್ಪು ಬೇರೆಯವರದು ಎಂಬಂತೆ 'ನಿಂದು' ಎಂಬುದನ್ನು ಅವನು ಒತ್ತಿ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆಗೂ ನೋಡಲಿಲ್ಲ.

ಕಾರನ್ನು ಯಾರೋ ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿ ಲಾಕ್ ಹಾಕಿದ್ದರು. ನಾವೆಲ್ಲ ಮಿರಜದಲ್ಲಿದ್ದೆವು, ಅದನ್ನು ಮುಟ್ಟುವವರು ಇರಲಿಲ್ಲ. ಮನೆಗೆ ಬಂದು ತೆರೆದು ನೋಡಿದೆ. ಎಂಟು. ಯಾರ ಕೈಯೂ ಇಲ್ಲದೆ, ನಿಂತಲ್ಲೇ ನಿಂತು, ಅವಳು ಹೇಳಿದಂತೆಯೇ ಅದು ತಾನೇ ಕೂತಿತ್ತು. ಆ ಸಂಜೆ ನಾನು ಬೀಗ ಹಾಕಿ ಒಳಗೆ ಹೋಗಿ ಊಟ ಮಾಡಿದ್ದರೆ ಸಾಕಿತ್ತು. ಏನೂ ಮಾಡದಿರುವುದಷ್ಟೇ ನನ್ನ ಕೆಲಸವಾಗಿತ್ತು.

ಅವನನ್ನು ಆಸ್ಪತ್ರೆಯಿಂದ ಬನಹಟ್ಟಿಗೆ ಕರೆತರಲು ಬೇರೆ ಗಾಡಿ ಮಾಡೋಣವೆಂದೆ. ಅವನೇ ಬೇಡವೆಂದ. "ಮಾಮಾರ ಗಾಡಿ ಇರಬೇಕಾದ್ರ ಬ್ಯಾರೆ ಯಾಕ?" ಹಿಂದಿನ ಸೀಟಿನಲ್ಲಿ ಅಕ್ಕನ ತೊಡೆಯ ಮೇಲೆ ತಲೆ ಇಟ್ಟು ಮಲಗಿದ. ಕುಡಚಿಯಿಂದ ಈಚೆಗೆ ರಸ್ತೆ ಕೆಟ್ಟಿತ್ತು. ಕಾರು ತಗ್ಗುಗಳ ಮೇಲೆ ತೊಟ್ಟಿಲಿನಂತೆ ತೇಲಿ ಹೋಯಿತು. ತೇರದಾಳ ದಾಟಿದ ಮೇಲೆ ಹಿಂದಿನಿಂದ ಅವನ ದನಿ ಬಂತು:

"ಈಗ ಖರೆ ಮೆತ್ತಗ ಐತ್ರಿ ಮಾಮಾರ."

ಹೆಂಡತಿ ತಮ್ಮನ ಮುಖ ನೋಡಿದಳು, ಆಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು. ಅವಳು ಅಂದು ಬನಹಟ್ಟಿಯಲ್ಲಿ ಇಳಿದವಳು ಮತ್ತೆ ಆ ಕಾರು ಹತ್ತಲಿಲ್ಲ. ತವರಿಗೆ ಹೋಗಬೇಕಾದರೆ ಬಸ್ಸಿಗೇ ಹೋದಳು.

ಅವನ ಎಡಗಾಲು ಮರಳಿ ಬರಲಿಲ್ಲ. ಬಗಲಲ್ಲಿ ಕೋಲು ಹಿಡಿದು, ಕಾಲನ್ನು ಚೀಲದಂತೆ ಎಳೆದುಕೊಂಡು, ಪಡಸಾಲೆಯಿಂದ ಬಾಗಿಲ ತನಕ ಬರುತ್ತಾನೆ. ಮಳೆಗಾಲ ಬಂತು, ಹೋಯಿತು. ಮಗ್ಗವನ್ನು ಬಿಚ್ಚಿ ಕಟ್ಟಿಗೆ ಮಾಡಿ ಅಟ್ಟಕ್ಕೆ ಹಾಕಿದರು. ಕುಣಿಗೆ ಯಾರಾದರೂ ಬಿದ್ದಾರೆಂದು ಅವನು ಕೂತು ನೇಯುತ್ತಿದ್ದ ಹಲಗೆಯ ಜೊತೆಗೆ ಇನ್ನಷ್ಟು ಹಲಗೆ ಜೋಡಿಸಿ ಬಾಯಿ ಮುಚ್ಚಿ, ಅದರ ಮೇಲೆಯೇ ಅವನ ಮಂಚ ಹಾಕಿದ್ದಾರೆ. ಅವನ ಹೆಂಡತಿ ಬೇರೆಯವರ ಪವರ್‌ಲೂಮಿಗೆ ನೂಲು ಸುತ್ತಲು ಹೋಗುತ್ತಾಳೆ. ನಮ್ಮ ಪಡಸಾಲೆಯ ಗೋಡೆಗೆ ನಾನೇ ನಿಂತು ಸುಣ್ಣ ಹೊಡೆಸಿದೆ. ಎಣ್ಣೆಗಲೆ ಸುಣ್ಣಕ್ಕೆ ಹೋಗುವುದಿಲ್ಲ. ಒಣಗಿದ ಮೇಲೆ ಎರಡು ಪಾದಗಳೂ ಮತ್ತೆ ಕಂಡವು. ಅಲ್ಲಿ ಒಂದು ಕಪಾಟು ತಂದು ನಿಲ್ಲಿಸಿದೆ.

ಪ್ರತಿ ವರ್ಷ ದಸರೆಗೆ ಬನಹಟ್ಟಿಗೆ ಬನ್ನಿ ಕೊಡಲು ಹೋಗುತ್ತೇನೆ. ವರ್ಷದಲ್ಲಿ ಆಡಿದ್ದು, ಮಾಡಿದ್ದು ಮರೆತು ಬನ್ನಿ ಕೈಗಿಟ್ಟು ಒಂದಾಗುವುದು ನಮ್ಮ ಕಡೆಯ ಪದ್ಧತಿ. ಹಿರಿಯರು ಕಿರಿಯರ ಮುಂದೆ ಬಾಯಿ ಬಿಟ್ಟು ತಪ್ಪಾಯಿತು ಎನ್ನಲೂ ಅಂದು ನಾಚಿಕೆಯಿಲ್ಲ. ಒಂದು ವರ್ಷ ನಿಶ್ಚಯ ಮಾಡಿಕೊಂಡೇ ಹೋದೆ. ಅವನು ಮಂಚದಿಂದ ಏಳಲು ಹೋದ, ಬೇಡವೆಂದು ನಾನೇ ಬಗ್ಗಿ ಕೈಯಲ್ಲಿ ಬನ್ನಿ ಇಟ್ಟೆ. ಅವನು ನನ್ನ ಕೈಯನ್ನು ಬಿಡದೆ ಹಿಡಿದುಕೊಂಡ. ಬಾಯಿ ತೆರೆದೆ. ಮಂಚದ ಕೆಳಗೆ ಆ ಹಲಗೆ ಕಾಣುತ್ತಿತ್ತು.

"ಗಾಡಿಗಿ ಮತ್ತ ಹೊಸಾ ಅಪ್‌ಡೇಟ್ ಬಂದೈತೋ" ಎಂದೆ.

"ಹೌದೇನ್ರಿ?" ಅಂದ. ನನ್ನ ಕೈ ಬಿಟ್ಟ. "ತಪಾಸ ಮಾಡಿದ್ರೇನ್ರಿ ಮಾಮಾರ?"

ಅದು ಚುಚ್ಚುಮಾತೋ, ಬರೀ ಮಾತೋ ನನಗೆ ಇಂದಿಗೂ ಗೊತ್ತಿಲ್ಲ. ಅವನು ನಗುತ್ತಿದ್ದ. ಅವನ ಹೆಂಡತಿ ಚಹಾ ತಂದಳು, ಕುಡಿದು ಬಂದೆ.

ಕಾರು ಮಾರಿ ಬಹಳ ವರ್ಷವಾಯಿತು. ಕಾರಕೂನ ಗೆಳೆಯ ಇಲ್ಲ, ತೀರಿಕೊಂಡ. ಕೊನೆಯ ತನಕ ಬೆಳಗಾವಿಯವರನ್ನೇ ಬೈದ. ಆ ಹೆಣ್ಣುಮಗಳು ಎಲ್ಲಿದ್ದಾಳೋ, ಹುಡುಕಿದರೆ ಸಿಗುತ್ತಾಳೋ ಇಲ್ಲವೋ, ಆ ನೆಪವಾದರೂ ನನಗಿದೆ. ಇವನ ಮಟ್ಟಿಗೆ ಅಂಥ ನೆಪವೂ ಇಲ್ಲ. ಜಮಖಂಡಿಯಿಂದ ಬನಹಟ್ಟಿಗೆ ದಿನವಿಡೀ ಬಸ್ಸುಗಳಿವೆ. ಮಂಚ ಬಾಗಿಲಿನಿಂದಲೇ ಕಾಣುತ್ತದೆ. ಮನುಷ್ಯ ಎಚ್ಚರವಾಗಿದ್ದಾನೆ, ಕಿವಿ ಕೇಳಿಸುತ್ತದೆ, ಈಗಲೂ ನನ್ನನ್ನು ಬಹುವಚನದಲ್ಲೇ ಕರೆಯುತ್ತಾನೆ. ಅವನ ಹತ್ತಿರ ಹೋಗುವ ಬದಲು ಇಲ್ಲಿ ಕೂತು ನಿಮಗೆ ಬರೆದಿದ್ದೇನೆ. ಇದೂ ನನ್ನ ಹೇಡಿತನವೇ.

ನಾನು ಯಾರ ಕ್ಷಮೆ ಕೇಳದೆ ಉಳಿದೆನೋ ಅವನು ಬನಹಟ್ಟಿಯ ನೇಕಾರ, ನನ್ನ ಹೆಂಡತಿಯ ಒಬ್ಬನೇ ತಮ್ಮ.